ಎಡ ಜೇಬಿನ ಭಾರ

ಮಂಗಳವಾರ ಮಧ್ಯಾಹ್ನ ಮೂರು ಗಂಟೆ ನಲವತ್ತು ನಿಮಿಷಕ್ಕೆ ನೆರಿಗೆಯಕ್ಕ ಕಂಪ್ಯೂಟರಿನಲ್ಲಿ ಒಂದು ಹಸಿರು ಕೋಟಿನ ಎಡ ಜೇಬಿನ ಕೆಳಗೆ ಮೂರನೆಯ ಮಡಿಕೆಗೆ ನೆರಳು ಹಾಕುತ್ತಿದ್ದರು. ಮೊದಲ ಎರಡು ಮಡಿಕೆಗಳು ಚೂಪಾಗಿ ಮುಗಿದಿದ್ದವು. ಮೂರನೆಯದು ಹಾಗಲ್ಲ. ಅದು ಜೇಬಿನ ಮೂಲೆಯಲ್ಲಿ ಗಾಢವಾಗಿ ಹುಟ್ಟಿ, ಅಂಚಿನ ಹೊಲಿಗೆ ತಲುಪುವಷ್ಟರಲ್ಲಿ ಕರಗಿಹೋಗಬೇಕು. ನಾಲ್ಕು ಸಲ ಅಳಿಸಿ ಐದನೆಯ ಸಲ ಎಳೆಯುತ್ತಿದ್ದಾಗ ಫೋನ್ ಬಂತು.

"ಅಕ್ಕಾ, ಪ್ರೆಸ್ಸಿಂದ. ದೊಡ್ಡ ಪುಸ್ತಕದ ಪ್ರೂಫ್ ತೆಗೆದಿದ್ದೀವಿ. ನಿಮ್ಮ ತಮ್ಮ ತಾನೇ ಬಂದು ನೋಡ್ತೀನಿ, ಅಕ್ಕನಿಗೆ ತೊಂದರೆ ಕೊಡಬೇಡಿ ಅಂದಿದ್ರು. ಆದ್ರೆ ಹಸಿರನ್ನ ನೀವು ನೋಡದೆ ಹೇಗೆ ಬಿಡೋದು? ಆಮೇಲೆ ನಮ್ಮ ಜೀವ ತಿನ್ನೋರು ನೀವೇ ತಾನೆ."

"ಈಗಲೇ ಬರ್ತೀನಿ. ಕಿಟಕಿ ಪಕ್ಕದ ಮೇಜು ಖಾಲಿ ಮಾಡಿಡಿ. ಟ್ಯೂಬ್‌ಲೈಟಲ್ಲಿ ತೋರಿಸಬೇಡಿ."

"ಗೊತ್ತು ಗೊತ್ತು, ಒಂಬತ್ತು ವರ್ಷದಿಂದ ಬೈಸ್ಕೊಂಡಿದ್ದೀನಿ."

ಆ ಹೆಸರನ್ನು ಅವರಿಗೆ ಇಟ್ಟದ್ದು ಈ ಪ್ರೆಸ್ಸಿನವರೇ. ಮೊದಲ ತಿಂಗಳೇ ಅಚ್ಚಾದ ಹಾಳೆಯನ್ನು ಭೂತಗನ್ನಡಿಯಲ್ಲಿ ನೋಡಿ, "ನಾನು ಕೊಟ್ಟಿದ್ದು ಏಳು ನೆರಿಗೆ, ಇಲ್ಲಿ ಆರೇ ಕಾಣ್ತಿದೆ" ಎಂದು ಯಂತ್ರ ನಿಲ್ಲಿಸಿದ್ದರು. ಅಂದಿನಿಂದ ನೆರಿಗೆಯಕ್ಕ. ವಯಸ್ಸು ನಲವತ್ತಾರು. ಹೊಲಿಗೆಯ ಅಂಗಡಿ ನಡೆಸುತ್ತಿದ್ದ ತಾಯಿಯ ಮಗಳು. ಸಿದ್ಧ ಉಡುಪಿನ ಕಾರ್ಖಾನೆಯೊಂದರಲ್ಲಿ ಹನ್ನೊಂದು ವರ್ಷ ಉಡುಪಿನ ನಕ್ಷೆಗಳಿಗೆ ಕಂಪ್ಯೂಟರಿನಲ್ಲಿ ಬಣ್ಣ ತುಂಬಿ, ಆಮೇಲೆ ಆ ಕೆಲಸ ಬಿಟ್ಟರು. ಬಿಡಿಸಿದವನು ತಮ್ಮ. ಅವನು ಒಂದು ದಿನ ಜೇಬುಗಳೇ ತುಂಬಿದ ದೊಡ್ಡ ಕೋಟು ತೊಟ್ಟ ಮುದುಕಿಯೊಬ್ಬಳನ್ನು ಗೆರೆಯಲ್ಲಿ ಬರೆದು ತಂದು, "ಅಕ್ಕ, ಇವಳಿಗೆ ಬಟ್ಟೆ ಹಾಕ್ಕೊಡು, ಚಳಿಯಾಗ್ತಿದೆ ಪಾಪ" ಎಂದಿದ್ದ.

ಆ ಮುದುಕಿ ಕೋಟಜ್ಜಿ. ಮಕ್ಕಳ ಮಾಸಪತ್ರಿಕೆಯೊಂದರಲ್ಲಿ ಒಂಬತ್ತು ವರ್ಷ, ತಿಂಗಳಿಗೆ ಎರಡು ಪುಟದಂತೆ ಇನ್ನೂರ ಹದಿನಾರು ಪುಟ. ದಾರಿಯಲ್ಲಿ ಯಾರಿಗೆ ಏನು ಬೇಕಾದರೂ ಕೋಟಜ್ಜಿಯ ಯಾವುದೋ ಜೇಬಿನಲ್ಲಿ ಅದು ಇರುತ್ತದೆ, ಆದರೆ ಯಾವಾಗಲೂ ತಪ್ಪು ಜೇಬಿನಲ್ಲಿ. ಕಥೆ ಮತ್ತು ಗೆರೆ ತಮ್ಮನದು, ಬಣ್ಣ ಮತ್ತು ನೆರಳು ಅಕ್ಕನದು. ಪುಟದ ಮೂಲೆಯಲ್ಲಿ ಸಹಿ "ಅಕ್ಕ-ತಮ್ಮ" ಎಂದು. ಈಗ ಪತ್ರಿಕೆಯ ಸಂಪಾದಕಿ ಎಲ್ಲವನ್ನೂ ಸೇರಿಸಿ ಒಂದು ದೊಡ್ಡ ಪುಸ್ತಕ ತರುತ್ತಿದ್ದರು. ಮೊದಲ ಸಲ ನಿಜವಾದ ಹೆಸರುಗಳು ಮುಖಪುಟದ ಮೇಲೆ ಬರಬೇಕಿತ್ತು. ನೆರಿಗೆಯಕ್ಕ ಅದನ್ನು ಯಾರ ಮುಂದೆಯೂ ಆಡಿರಲಿಲ್ಲ. ಆದರೆ ಪುಸ್ತಕ ಬಂದಾಗ ಇಡಲೆಂದು ಗೋಡೆಯ ಕಪಾಟಿನಲ್ಲಿ ಮೂವತ್ತು ಸೆಂಟಿಮೀಟರ್ ಜಾಗವನ್ನು ಅಳೆದು ಖಾಲಿ ಬಿಟ್ಟಿದ್ದರು.

ಕಂಪ್ಯೂಟರಿನ ಚಿತ್ರದಲ್ಲಿ ಬಟ್ಟೆ ತೊಡಿಸುವುದು ಹೀಗೆ. ಚಿತ್ರ ಒಂದೇ ಹಾಳೆಯಾಗಿರುವುದಿಲ್ಲ. ಗಾಜಿನ ಹಾಳೆಗಳನ್ನು ಒಂದರ ಮೇಲೊಂದು ಜೋಡಿಸಿದಂತೆ ಪದರ ಪದರವಾಗಿರುತ್ತದೆ. ಮೇಲಿನ ಪದರದಲ್ಲಿ ಗೆರೆ. ಅದರ ಕೆಳಗೆ ಕೋಟಿನ ಆಕಾರಕ್ಕೆ ಒಂದೇ ಸಮನಾದ ಹಸಿರು. ನಡುವೆ, ಆ ಹಸಿರಿನ ಗಡಿ ದಾಟದಂತೆ ಕಟ್ಟಿಹಾಕಿದ ಪದರಗಳಲ್ಲಿ ನೆರಳು. ಬಹಳ ಮಂದಿ ನೆರಳೆಂದರೆ ಕಪ್ಪು ಬೆರೆಸುತ್ತಾರೆ, ಬಟ್ಟೆ ಕೊಳೆಯಾದಂತೆ ಕಾಣುತ್ತದೆ. ನೆರಿಗೆಯಕ್ಕ ಕಪ್ಪು ಮುಟ್ಟುತ್ತಿರಲಿಲ್ಲ. ಹಸಿರನ್ನು ಬಣ್ಣದ ಚಕ್ರದಲ್ಲಿ ಹನ್ನೆರಡು ಡಿಗ್ರಿ ನೀಲಿಯ ಕಡೆಗೆ ಸರಿಸಿ ಮಂಕಾಗಿಸಿದರೆ ಅವರ ನೆರಳು, ಎಂಟು ಡಿಗ್ರಿ ಹಳದಿಯ ಕಡೆಗೆ ಸರಿಸಿದರೆ ಬೆಳಕು. ಬೆಳಕು ಯಾವಾಗಲೂ ಎಡಗಡೆಯಿಂದ, ಏಕೆಂದರೆ ಅಮ್ಮನ ಹೊಲಿಗೆಯಂತ್ರದ ದೀಪ ಎಡಗಡೆ ಇತ್ತು.

ಮಡಿಕೆ ಎಲ್ಲಿ ಬೀಳಬೇಕೆಂಬುದಕ್ಕೆ ಅವರು ಎರಡು ಪ್ರಶ್ನೆ ಕೇಳಿಕೊಳ್ಳುತ್ತಿದ್ದರು. ಬಟ್ಟೆ ಎಲ್ಲಿಂದ ನೇತಾಡುತ್ತಿದೆ? ಅದನ್ನು ಕೆಳಕ್ಕೆ ಎಳೆಯುತ್ತಿರುವುದು ಯಾವುದು? ಮೊದಲನೆಯದಕ್ಕೆ ಉತ್ತರ ಹೆಗಲು, ಮೊಣಕೈ, ಗುಂಡಿ. ಎರಡನೆಯದಕ್ಕೆ ಜೇಬು. ಜೇಬಿನಲ್ಲಿ ಏನಿದೆಯೆಂದು ಗೊತ್ತಿಲ್ಲದೆ ಜೇಬು ಹೇಗೆ ಜಗ್ಗುತ್ತದೆಂದು ಹೇಳಲಾಗದು. ಆದ್ದರಿಂದ ಅವರು ಪ್ರತಿ ಪುಟಕ್ಕೂ ಎಲ್ಲಕ್ಕಿಂತ ಕೆಳಗೆ ಇನ್ನೊಂದು ಪದರ ಮಾಡಿ, ಆ ಪುಟದಲ್ಲಿ ಕೋಟಜ್ಜಿಯ ಜೇಬುಗಳಲ್ಲಿ ಏನೇನಿದೆಯೋ ಎಲ್ಲವನ್ನೂ ಬರೆಯುತ್ತಿದ್ದರು. ಬೀಗದ ಕೈಗೊಂಚಲು, ಟಾರ್ಚು, ಎರಡು ಸೇಬು, ದಾರದ ಉಂಡೆ. ಪಕ್ಕದಲ್ಲಿ ತೂಕ, ಗ್ರಾಂ ಲೆಕ್ಕದಲ್ಲಿ. ಆಮೇಲೆ ಆ ಪದರ ಕಾಣದಂತೆ ಮುಚ್ಚಿ, ಮೇಲೆ ಕೋಟು ಹೊದಿಸುತ್ತಿದ್ದರು. ವಸ್ತುಗಳು ಕಥೆಗೆ ತಕ್ಕಂತೆ ಬದಲಾಗುತ್ತಿದ್ದವು. ಎಡ ಜೇಬಿನಲ್ಲಿದ್ದ ಒಂದು ಮಾತ್ರ ಯಾವ ಪುಟದಲ್ಲೂ ಬದಲಾಗುತ್ತಿರಲಿಲ್ಲ.

ಇದನ್ನು ಯಾರೂ ನೋಡಿರಲಿಲ್ಲ. ಪತ್ರಿಕೆಗೆ ಹೋಗುತ್ತಿದ್ದದ್ದು ಎಲ್ಲ ಪದರಗಳೂ ಒಂದಾದ ಸಿದ್ಧ ಚಿತ್ರ. ನಾಲ್ಕು ತಿಂಗಳ ಹಿಂದೆ ತಮ್ಮ, ದೊಡ್ಡ ಪುಸ್ತಕಕ್ಕೆ ಪದರಗಳಿರುವ ಮೂಲ ಫೈಲುಗಳೇ ಬೇಕಂತೆ ಎಂದು ಕೇಳಿದ. ಅಕ್ಕ ಇನ್ನೂರ ಹದಿನಾರನ್ನೂ ಕ್ರಮವಾಗಿ ಜೋಡಿಸಿ ಕೊಟ್ಟರು, ತಾವೂ ಒಂದು ಪ್ರತಿ ಇಟ್ಟುಕೊಂಡರು. "ಅಕ್ಕ, ನೀನು ನೆರಳು ಹಾಕೋ ಕ್ರಮಾನೂ ಬರೆದುಕೊಡು. ಇಷ್ಟೆಲ್ಲ ನಿನ್ನ ತಲೇಲೇ ಉಳಿದುಬಿಟ್ರೆ ಹೇಗೆ?" ಎಂದೂ ಕೇಳಿದ. ಹಾಗೆ ಯಾರೂ ಅವರನ್ನು ಕೇಳಿರಲಿಲ್ಲ. ಮೂರು ವಾರ ಕೂತು ಹನ್ನೊಂದು ಪುಟ ಪೆನ್ಸಿಲಿನಲ್ಲಿ ಬರೆದುಕೊಟ್ಟರು. ಜೇಬಿನ ಪದರದ ಮಾತು ಅದರಲ್ಲಿ ಇರಲಿಲ್ಲ. ಮುಚ್ಚಿಟ್ಟರೆಂದಲ್ಲ, ಹೇಳಿಕೊಳ್ಳಲು ನಾಚಿಕೆಯಾಯಿತು ಅಷ್ಟೆ.

ಪ್ರೆಸ್ಸಿನ ಕಿಟಕಿಯ ಬಳಿ ಮೇಜಿನ ಮೇಲೆ ಪ್ರೂಫ್ ಹಾಳೆಗಳು ಹರಡಿದ್ದವು. ಮೇಲಿದ್ದದ್ದು ಮುಖಪುಟ. ಹಳೆಯ ಪುಟವೊಂದರಿಂದ ತೆಗೆದ, ಕೋಟಜ್ಜಿ ಪೂರ್ತಿ ನಿಂತ ಚಿತ್ರ. ಕೆಳಗೆ ತಮ್ಮನ ಹೆಸರು. ನೆರಿಗೆಯಕ್ಕ ಹಾಳೆಯನ್ನು ತಿರುಗಿಸಿ ಹಿಂಬದಿ ನೋಡಿದರು. ಪುಸ್ತಕದ ಬೆನ್ನಿನ ಪಟ್ಟಿ ನೋಡಿದರು. ಅಲ್ಲೂ ಅದೊಂದೇ. ಒಳಪುಟದಲ್ಲಿ "ಕಥೆ, ಚಿತ್ರ, ವರ್ಣ" ಎಂದು ಬರೆದು ಮತ್ತೆ ಅದೇ ಹೆಸರು.

ಪ್ರೆಸ್ಸಿನವರು ಪಕ್ಕದಲ್ಲೇ ನಿಂತಿದ್ದರು. ಅವರಿಗೆ ಹಸಿರಿನದೇ ಚಿಂತೆ. "ಏನಕ್ಕ, ಸುಮ್ನಾದ್ರಿ? ಮಂಕಾಯ್ತಾ?"

"ಕಪ್ಪು ಶಾಯಿ ಮೂರು ಪರ್ಸೆಂಟ್ ಜಾಸ್ತಿ ಬಂದಿದೆ. ಇಳಿಸಿ," ಎಂದರು. "ಬಲಗಡೆ ತೋಳು ನೋಡಿ, ಮಡಿಕೆ ಒಳಗೆ ತುಂಬ್ಕೊಂಡುಬಿಟ್ಟಿದೆ."

"ಅಯ್ಯೋ, ಹೌದಲ್ಲ."

ಹೀಗೆ ನಲವತ್ತು ನಿಮಿಷ ಹಾಳೆ ಹಾಳೆಯಾಗಿ ನೋಡಿ ತಪ್ಪು ಗುರುತು ಹಾಕಿಕೊಟ್ಟರು. ಕೊನೆಯ ಹಾಳೆಯಲ್ಲಿ "ನನ್ನ ಕೋಟಿನ ಗುಟ್ಟು" ಎಂಬ ಲೇಖನವಿತ್ತು. ತಮ್ಮನ ಫೋಟೋ ಇತ್ತು. ಕೆಳಗೆ ಅವರ ಹನ್ನೊಂದು ಪುಟ, ಒಂದು ಅಕ್ಷರ ಅತ್ತಿತ್ತ ಆಗದೆ. "ದಪ್ಪ ಬಟ್ಟೆಗೆ ಮಡಿಕೆ ಕಡಿಮೆ, ಆದರೆ ಅಗಲ. ಇದನ್ನು ನನಗೆ ಹೇಳಿಕೊಟ್ಟದ್ದು ನಮ್ಮಮ್ಮ, ಇಸ್ತ್ರಿ ಹಾಕುವಾಗ." ಆ ವಾಕ್ಯವನ್ನು ತಿದ್ದುವ ಅಗತ್ಯ ತಮ್ಮನಿಗೆ ಬಿದ್ದಿರಲಿಲ್ಲ. ಅಮ್ಮ ಇಬ್ಬರಿಗೂ ಅಮ್ಮನೇ. ಲೇಖನದ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು: ಬಣ್ಣ ತುಂಬಲು ನೆರವಾದ ಅಕ್ಕನಿಗೆ ಕೃತಜ್ಞತೆಗಳು.

ಪ್ರೆಸ್ಸಿನವರು ಆಗ ಅದನ್ನು ಓದಿದರು. ಒಮ್ಮೆ ಹಾಳೆ, ಒಮ್ಮೆ ಅವರ ಮುಖ ನೋಡಿ, "ಟೀ ತರಿಸ್ಲಾ ಅಕ್ಕ?" ಎಂದರು.

"ಬೇಡ. ಈ ಎರಡು ಹಾಳೆ ತಗೊಂಡು ಹೋಗ್ತೀನಿ."

ತಮ್ಮ ಅಂದೇ ಸಂಜೆ ಆರೂವರೆಗೆ ತಾನಾಗಿಯೇ ಬಂದ. ಪ್ರೆಸ್ಸಿಗೆ ಫೋನ್ ಮಾಡಿದಾಗ ವಿಷಯ ತಿಳಿದಿರಬೇಕು. ಅಮ್ಮ ಅಡುಗೆಮನೆಯ ಮೇಜಿನ ಬಳಿ ಕೂತು ಹಳೆಯ ಅಂಗಿಯೊಂದಕ್ಕೆ ಗುಂಡಿ ಹೊಲಿಯುತ್ತಿದ್ದರು. ಅವರಿಗೆ ಎಪ್ಪತ್ತನಾಲ್ಕು. ಸೂಜಿಯ ಕಣ್ಣು ಕಾಣುತ್ತಿರಲಿಲ್ಲ, ನಾಲಿಗೆಯ ತುದಿಯಿಂದ ಅದನ್ನು ಹುಡುಕಿ ದಾರ ಪೋಣಿಸುತ್ತಿದ್ದರು. ಮೇಜಿನ ಮೇಲೆ ಎರಡು ಪ್ರೂಫ್ ಹಾಳೆಗಳಿದ್ದವು. ತಮ್ಮ ಅವನ್ನು ನೋಡಿದವನೇ ಚಪ್ಪಲಿ ಬಿಡುವುದನ್ನೂ ಮರೆತ.

"ಅಕ್ಕ, ಮೊದಲೇ ಹೇಳಬೇಕು ಅಂತಿದ್ದೆ."

"ಯಾವತ್ತು?"

"ಯಾವತ್ತು ಅಂದ್ರೆ... ಪುಸ್ತಕ ಬರೋದ್ರೊಳಗೆ."

"ಒಂದೇ ಹೆಸರು ಸಾಕು ಅಂದೋರು ಯಾರು? ಸಂಪಾದಕಿಯಮ್ಮನಾ?"

ತಮ್ಮ ಮುಖಪುಟದ ಹಾಳೆಯನ್ನು ಮಗುಚಿಟ್ಟ. ಆಮೇಲೆ, "ಚಿತ್ರಕಲಾ ಶಾಲೇಲಿ ಒಂದು ಹುದ್ದೆ ಖಾಲಿ ಇದೆ. ಪೂರ್ತಿ ಸ್ವಂತದ ಪುಸ್ತಕ ಒಂದಿದ್ರೆ ಸಿಗುತ್ತೆ. ನನಗೂ ನಲವತ್ತಾಯ್ತು ಅಕ್ಕ. ಇನ್ನೆಷ್ಟು ದಿನ ತಿಂಗಳಿಗೆ ಎರಡು ಪುಟ ಅಂತ ಕೂತಿರಲಿ?" ಎಂದ.

"ಅದನ್ನ ಕೇಳಿದ್ರೆ ನಾನೇ ದಾರಿ ಹುಡುಕ್ತಿದ್ದೆ."

"ನೀನು ಒಪ್ತಿರಲಿಲ್ಲ."

"ಕೇಳಿದ್ಯಾ?"

"ನಿನಗೆ ಹೆಸರು ತಗೊಂಡು ಏನಾಗಬೇಕು ಹೇಳು. ಮನೆಬಿಟ್ಟು ಆಚೆ ಹೋಗೋಳಲ್ಲ ನೀನು. ನನ್ನ ಹೆಸರು ಬಂದ್ರೆ ನಿನ್ನದು ಬಂದ ಹಾಗಲ್ವಾ?" ಅವನ ದನಿಯಲ್ಲಿ ಈಗ ಸ್ವಲ್ಪ ಧೈರ್ಯ ಬಂದಿತ್ತು. "ಮತ್ತೆ ನೀನೇ ಯೋಚನೆ ಮಾಡು. ಗೆರೆ ಇಲ್ಲದಿದ್ರೆ ಬಣ್ಣ ಎಲ್ಲಿ ನಿಲ್ಲುತ್ತೆ? ಆಕಾರ ಕೊಟ್ಟೋನು ನಾನು. ನೀನು ತುಂಬಿದ್ದೀಯ, ಚೆನ್ನಾಗೇ ತುಂಬಿದ್ದೀಯ, ಇಲ್ಲ ಅನ್ನಲ್ಲ."

ಅಮ್ಮ ತಲೆ ಎತ್ತಲಿಲ್ಲ. "ಏ, ಇಲ್ಲಿ ಕೇಳು. ನಾನು ಬಟ್ಟೆ ಕತ್ತರಿಸ್ತಿದ್ದೆ, ಆಮೇಲೆ ಹೊಲೀತಿದ್ದೆ. ಆಕಾರ ಕೊಟ್ಟರೆ ಸಾಕು ಅನ್ನೋದಾದ್ರೆ ನಾಳೆ ಬರೀ ಕತ್ತರಿಸಿದ ತುಂಡು ಸುತ್ಕೊಂಡು ಆ ಶಾಲೆಗೆ ಹೋಗಿ ಬಾ. ಕೆಲಸ ಕೊಡ್ತಾರೋ ಕಂಬಳಿ ಕೊಡ್ತಾರೋ ನೋಡೋಣ."

"ನೀನು ಸುಮ್ನಿರಮ್ಮ. ಇದು ನಿನಗೆ ಅರ್ಥ ಆಗಲ್ಲ."

"ಗುಂಡಿ ಯಾವುದು, ತೂತು ಯಾವುದು ಅಂತ ಅರ್ಥ ಆಗುತ್ತೆ, ಅಷ್ಟು ಸಾಕು ನನಗೆ. ಚಪ್ಪಲಿ ಬಿಟ್ಟು ಬಾ."

ತಮ್ಮ ಚಪ್ಪಲಿ ಬಿಡಲಿಲ್ಲ. ಬಾಗಿಲವರೆಗೆ ಹೋಗಿ ತಿರುಗಿ ನಿಂತು, "ಇದನ್ನ ದೊಡ್ಡದು ಮಾಡಬೇಡ ಅಕ್ಕ. ಹೊಟ್ಟೆಗೆ ಹಾಕ್ಕೋ," ಎಂದ. ನೆರಿಗೆಯಕ್ಕನಿಗೆ ಆ ಮಾತು ಹೊಸದಲ್ಲ. ಚಿಕ್ಕಂದಿನಲ್ಲಿ ಅವನು ಶಾಲೆಯ ಗಾಜು ಒಡೆದಾಗ, ದೊಡ್ಡವನಾದ ಮೇಲೆ ಅವರು ಕಾರ್ಖಾನೆಯ ಮೊದಲ ಸಂಬಳದಲ್ಲಿ ಕೊಂಡ ಬಣ್ಣದ ಪೆಟ್ಟಿಗೆಯನ್ನು ಕೇಳದೆ ಒಯ್ದಾಗ, ಇದನ್ನೇ ಹೇಳಿದ್ದ. ಆಗೆಲ್ಲ ಅವರು ಹಾಕಿಕೊಂಡಿದ್ದರು.

"ಶುಕ್ರವಾರ ಹನ್ನೊಂದು ಗಂಟೆಗೆ ಸಂಪಾದಕಿಯವರ ಹತ್ರ ಹೋಗ್ತಿದ್ದೀನಿ. ನೀನೂ ಬಾ. ನಿನ್ನ ಬೆನ್ನ ಹಿಂದೆ ಮಾತಾಡೋದು ನನಗೆ ಬೇಡ," ಎಂದರು.

ಶುಕ್ರವಾರ ಅವರು ಹತ್ತು ನಿಮಿಷ ಮೊದಲೇ ಹೋಗಿ ಕೂತಿದ್ದರು. ಕೈಚೀಲದಲ್ಲಿ ಒಂದು ಡಿಸ್ಕ್ ಇತ್ತು, ಅದರಲ್ಲಿ ಇನ್ನೂರ ಹದಿನಾರು ಫೈಲುಗಳ, ತಾವು ಇಟ್ಟುಕೊಂಡಿದ್ದ ಪ್ರತಿ, ಪ್ರತಿಯೊಂದಕ್ಕೂ ತಾರೀಖು. ಬೇಕಾದರೆ ತೋರಿಸಬೇಕು, ಬೇಡವಾದರೆ ಒಳ್ಳೆಯದೇ ಎಂದುಕೊಂಡಿದ್ದರು. ತಮ್ಮ ಬಂದು ಒಂದು ಕುರ್ಚಿ ಬಿಟ್ಟು ಕೂತ.

ಸಂಪಾದಕಿ ಅರವತ್ತರ ಹತ್ತಿರದವರು. ಇಬ್ಬರ ಮಾತನ್ನೂ ಅಡ್ಡಬಾಯಿ ಹಾಕದೆ ಕೇಳಿದರು. ತಮ್ಮ ಹೇಳಿದ್ದು ಇಷ್ಟು: ಅಕ್ಕ ಒಂದೇ ಸಮನಾದ ಬಣ್ಣ ಮಾತ್ರ ಹಾಕುತ್ತಿದ್ದರು, ಮಡಿಕೆ, ನೆರಳು, ಬೆಳಕು ತನ್ನದು. ಆ ಮಾತನ್ನು ಅವನು ಅಕ್ಕನ ಕಡೆ ನೋಡದೆ ಹೇಳಿದ. ಮನೆಯಲ್ಲಿ ಅವನು ಇಷ್ಟು ಹೇಳಿರಲಿಲ್ಲ. ಮುಖಪುಟದಲ್ಲಿ ಹೆಸರು ಬಿಟ್ಟದ್ದು ಒಂದು. ಇದು ಬೇರೆ. ನೆರಿಗೆಯಕ್ಕನ ಕೈ ಚೀಲದ ಜಿಪ್ಪಿನ ಮೇಲೆ ಹೋಯಿತು, ಅಲ್ಲೇ ನಿಂತಿತು.

"ನನ್ನ ಹತ್ತಿರ ಇರೋ ಫೈಲಿನಲ್ಲಿ ಎಲ್ಲ ಒಂದೇ ಪದರ," ಎಂದರು ಸಂಪಾದಕಿ. "ಯಾರು ಏನು ಹಾಕಿದ್ರು ಅಂತ ಅದರಿಂದ ಗೊತ್ತಾಗಲ್ಲ."

"ಫೈಲ್ ಭಾರ ಆಗಿತ್ತು ಮೇಡಂ. ಅದಕ್ಕೆ ನಾನೇ ಒಂದು ಮಾಡಿದೆ," ಎಂದ ತಮ್ಮ.

"ಸರಿ. ಹಾಗಾದ್ರೆ ಒಂದು ಕೇಳ್ತೀನಿ. ಇದು ಮಕ್ಕಳ ಪ್ರಶ್ನೆ, ನನ್ನದಲ್ಲ." ಅವರು ಮೇಜಿನ ಖಾನೆಯಿಂದ ಒಂದು ಕಾಗದದ ಕಟ್ಟು ತೆಗೆದರು. ಓದುಗ ಮಕ್ಕಳ ಪತ್ರಗಳು. "ನಲವತ್ತಕ್ಕಿಂತ ಹೆಚ್ಚು ಮಕ್ಕಳು ಇದೊಂದನ್ನೇ ಕೇಳಿದ್ದಾರೆ. ಕೋಟಜ್ಜಿಯ ಎಡ ಜೇಬು ಯಾಕೆ ಯಾವಾಗಲೂ ಜಾಸ್ತಿ ಜಗ್ಗಿರುತ್ತೆ? ಅದರಿಂದ ಅವಳು ಇವತ್ತಿನವರೆಗೆ ಏನೂ ತೆಗೆದಿಲ್ಲ. ಹಾಗಾದ್ರೆ ಅದರಲ್ಲಿ ಏನಿದೆ?"

ತಮ್ಮ ಒಂದು ಕ್ಷಣ ಯೋಚಿಸಿದ. "ಅದರಲ್ಲಿ ಏನೂ ಇಲ್ಲ ಮೇಡಂ. ಚಿತ್ರದ ಸಮತೋಲನಕ್ಕೆ ಹಾಗೆ. ಬಲಗಡೆ ಕೊಡೆ ಇರುತ್ತಲ್ಲ, ಎಡಗಡೆ ಸ್ವಲ್ಪ ತೂಕ ಬೇಕಾಗುತ್ತೆ."

ಸಂಪಾದಕಿ ತಲೆಯಾಡಿಸಿ, ಮುಖಪುಟದ ಫೈಲು ತೆರೆದು ಎಡ ಜೇಬನ್ನು ದೊಡ್ಡದು ಮಾಡಿ ನೋಡಿದರು. ಪಕ್ಕದಲ್ಲಿದ್ದ ಪದರಗಳ ಪಟ್ಟಿಯತ್ತ ಅವರ ಕಣ್ಣು ಹೋಯಿತು. "ಒಂದೇ ಪದರ ಅಂದಿದ್ದೆ. ಕೆಳಗೆ ಇನ್ನೊಂದಿದೆಯಲ್ಲ. ಮುಚ್ಚಿದೆ."

ತಮ್ಮ ಮಾಡಿದ್ದ ತಪ್ಪು ಈ ಕೆಲಸ ಮಾಡುವವರು ಮಾತ್ರ ಮಾಡಬಹುದಾದದ್ದು. ಎಲ್ಲ ಪದರಗಳನ್ನೂ ಚಪ್ಪಟೆ ಮಾಡುವ ಆಜ್ಞೆಯೊಂದಿದೆ, ಅದು ಮುಚ್ಚಿದವನ್ನು ಎಸೆದುಬಿಡುತ್ತದೆ. ಕಾಣುತ್ತಿರುವ ಪದರಗಳನ್ನಷ್ಟೇ ಒಂದು ಮಾಡುವ ಆಜ್ಞೆ ಇನ್ನೊಂದು. ಅದು ಮುಚ್ಚಿದವನ್ನು ಮುಟ್ಟುವುದಿಲ್ಲ. ಅವನು ಒತ್ತಿದ್ದು ಎರಡನೆಯದನ್ನು, ಇನ್ನೂರ ಹದಿನಾರು ಸಲ.

ಸಂಪಾದಕಿ ಮೇಲಿನ ಪದರ ಮುಚ್ಚಿ ಕೆಳಗಿನದನ್ನು ತೆರೆದರು. ಕೋಟಜ್ಜಿ ಮಾಯವಾದಳು, ಕೋಟೂ ಹೋಯಿತು. ಬಿಳಿ ಹಾಳೆಯ ಮೇಲೆ, ಗಾಳಿಯಲ್ಲಿ ನೇತುಹಾಕಿದಂತೆ, ಜೇಬುಗಳಿದ್ದ ಜಾಗದಲ್ಲಿ ಬೀಗದ ಕೈಗೊಂಚಲು, ಟಾರ್ಚು, ಸೇಬು ಉಳಿದವು. ಪ್ರತಿಯೊಂದರ ಪಕ್ಕದಲ್ಲೂ ಸಣ್ಣ ಅಂಕಿ.

"ಇದೇನು?"

"ಅದೇನೋ ಹಳೇದು, ಗೀಚಿರೋದು," ಎಂದ ತಮ್ಮ ಅಲ್ಲಿಂದಲೇ. "ಬೇಡದ್ದು. ಅಳಿಸಿಬಿಡಿ ಮೇಡಂ, ಫೈಲೂ ಹಗುರ ಆಗುತ್ತೆ."

ನೆರಿಗೆಯಕ್ಕ ಜಿಪ್ಪಿನ ಮೇಲಿನ ಕೈ ತೆಗೆದರು.

ಸಂಪಾದಕಿ ಅಳಿಸಲಿಲ್ಲ. ಕನ್ನಡಕ ಸರಿಮಾಡಿಕೊಂಡು ಹತ್ತಿರ ಬಾಗಿದರು. "ಎಡ ಜೇಬಲ್ಲಿ ಇರೋದು ಕೈ. ಮಗುವಿನ ಕೈ." ಇನ್ನೊಂದು ಪುಟ ತೆರೆದರು, ಮತ್ತೊಂದು ತೆರೆದರು. ಸೇಬಿದ್ದಲ್ಲಿ ಗಡಿಯಾರ ಬಂದಿತ್ತು, ಟಾರ್ಚಿದ್ದಲ್ಲಿ ಸುತ್ತಿಗೆ ಬಂದಿತ್ತು. ಎಡ ಜೇಬಿನ ಕೈ ಮಾತ್ರ ಅಲ್ಲೇ ಇತ್ತು, ಮಣಿಕಟ್ಟಿನವರೆಗೆ, ಬೆರಳು ಸಡಿಲ ಬಿಟ್ಟು. ತೋಳು ಎಲ್ಲಿಂದ ಬರುತ್ತದೆಂದು ಬರೆದಿರಲಿಲ್ಲ. ಪಕ್ಕದಲ್ಲಿ ತೂಕ ಬರೆದಿತ್ತು.

ತಮ್ಮ ಎದ್ದು ಬಂದು ಪರದೆಯ ಮುಂದೆ ನಿಂತ. ಬಹಳ ಹೊತ್ತು ನೋಡಿದ. ಅವನ ಮುಖದಲ್ಲಿ ಕಳ್ಳತನವಿರಲಿಲ್ಲ. ನಿಜವಾಗಿಯೂ ಗೊತ್ತಿಲ್ಲದವನ ಮುಖ.

"ಯಾರ ಕೈ ಅಕ್ಕ ಅದು?"

"ಗೊತ್ತಾಗ್ಲಿಲ್ವಾ?"

"ಇಲ್ಲ."

"ಹೋಗಲಿ ಬಿಡು," ಎಂದರು. ಆಮೇಲೆ ಸಂಪಾದಕಿಯ ಕಡೆ ತಿರುಗಿ, "ಇದು ನಾನು ಬರೆದಿದ್ದು. ಜೇಬಲ್ಲಿ ಏನಿದೆ ಅಂತ ಗೊತ್ತಿಲ್ಲದೆ ನನಗೆ ನೆರಳು ಹಾಕೋಕೆ ಬರಲ್ಲ. ಬೇಕಾದ್ರೆ ಯಾವ ಪುಟ ಬೇಕಾದ್ರೂ ಕೇಳಿ, ಯಾವ ಜೇಬಲ್ಲಿ ಎಷ್ಟು ಗ್ರಾಂ ಅಂತ ನೋಡದೆ ಹೇಳ್ತೀನಿ," ಎಂದರು.

ಸಂಪಾದಕಿ ಕೇಳಲಿಲ್ಲ. ಫೋನ್ ತೆಗೆದು ಪ್ರೆಸ್ಸಿಗೆ ಮುಖಪುಟ ನಿಲ್ಲಿಸಲು ಹೇಳಿದರು.

ಈಗ ಆ ಪುಸ್ತಕದ ಮುಖಪುಟದ ಮೇಲೆ ಎರಡು ಹೆಸರುಗಳಿವೆ, ಒಂದೇ ಅಳತೆಯ ಅಕ್ಷರದಲ್ಲಿ. ಲೇಖನದ ಕೆಳಗೆ ಅಕ್ಕನ ಹೆಸರಿದೆ. ತಮ್ಮನಿಗೆ ಚಿತ್ರಕಲಾ ಶಾಲೆಯ ಕೆಲಸ ಸಿಕ್ಕಿತು. ಎರಡು ಹೆಸರಿನ ಪುಸ್ತಕವೇ ಸಾಕಾಯಿತು, ಯಾರೂ ಏನೂ ಕೇಳಲಿಲ್ಲ. ಪುಸ್ತಕ ಬಂದ ದಿನ ಅಮ್ಮ ಮುಖಪುಟದ ಮೇಲೆ ಬೆರಳಾಡಿಸಿ, "ಬಟ್ಟೆ ಚೆನ್ನಾಗಿದೆ. ಕಾಗದ ಅನ್ನಿಸ್ತಾನೇ ಇಲ್ಲ" ಎಂದರು. ನೆರಿಗೆಯಕ್ಕ ಅದನ್ನು ಕಪಾಟಿನ ಮೂವತ್ತು ಸೆಂಟಿಮೀಟರ್ ಜಾಗದಲ್ಲಿ ಇಟ್ಟರು. ಪುಸ್ತಕದ ದಪ್ಪ ನಾಲ್ಕು ಸೆಂಟಿಮೀಟರ್ ಮಾತ್ರ. ಉಳಿದ ಜಾಗದಲ್ಲಿ ಇಸ್ತ್ರಿಪೆಟ್ಟಿಗೆ ಬಂದು ಕೂತಿತು.

ಕೋಟಜ್ಜಿ ಪತ್ರಿಕೆಯಲ್ಲಿ ಇನ್ನೂ ಬರುತ್ತಿದ್ದಾಳೆ. ತಮ್ಮ ಗೆರೆಗಳನ್ನು ಇಮೇಲಿನಲ್ಲಿ ಕಳಿಸುತ್ತಾನೆ, ಮೊದಲಿನಂತೆ ಜೊತೆಗೆ ನಾಲ್ಕು ಮಾತು ಬರೆಯುವುದಿಲ್ಲ. ಅಕ್ಕ ಬಣ್ಣ ಹಾಕಿ ತಾರೀಖಿಗೆ ಸರಿಯಾಗಿ ಕಳಿಸುತ್ತಾರೆ. ಆ ಮಂಗಳವಾರ ಅರ್ಧಕ್ಕೆ ಬಿಟ್ಟಿದ್ದ ಇನ್ನೂರ ಹದಿನೇಳನೆಯ ಪುಟವನ್ನು ಅವರು ಸಂಪಾದಕಿಯನ್ನು ಕಂಡುಬಂದ ಮರುದಿನವೇ ಮುಗಿಸಿದರು. ಮೊದಲು ಕೆಳಗಿನ ಪದರ ತೆರೆದು ಎಡ ಜೇಬಿನ ಕೈಯನ್ನು ಅಳಿಸಿದರು. ಆಮೇಲೆ ಐದನೆಯ ಸಲ ಎಳೆಯುತ್ತಿದ್ದ ಮೂರನೆಯ ಮಡಿಕೆಯನ್ನು ಅಳಿಸಿದರು, ಎರಡನೆಯದನ್ನೂ. ಅವನ್ನು ಎಳೆಯುವಂಥದ್ದು ಅಲ್ಲಿ ಏನೂ ಉಳಿದಿರಲಿಲ್ಲ.

ಪ್ರೆಸ್ಸಿನವರು ಆ ಪುಟದ ಪ್ರೂಫ್ ತೋರಿಸುವಾಗ ಕಿಟಕಿಯ ಬೆಳಕಿಗೆ ಹಿಡಿದು, "ಅಕ್ಕ, ಎಡ ಜೇಬು ಈ ಸಲ ಹಗುರ ಆಗಿದೆಯಲ್ಲ. ನಮ್ಮ ಮೆಷಿನ್ನಿನ ತಪ್ಪಾ?" ಎಂದು ಕೇಳಿದರು.

"ಇಲ್ಲ. ಸರಿಯಾಗೇ ಬಂದಿದೆ."

"ಏನು ತೆಗೆದ್ರಿ ಅದರಿಂದ?"

ನೆರಿಗೆಯಕ್ಕ ಹಾಳೆಯ ಮೂಲೆಯಲ್ಲಿ ಒಪ್ಪಿಗೆಯ ಗುರುತು ಹಾಕಿದರು.

ನೆರಿಗೆಯಕ್ಕನಿಗೆ ಹದಿಮೂರು, ತಮ್ಮನಿಗೆ ಏಳು ಇದ್ದಾಗಿನ ಮಾತು. ಅಮ್ಮ ಅಳತೆ ತೆಗೆಯಲು ಮನೆಮನೆಗೆ ಹೋಗುವಾಗ ದಪ್ಪ ಹಸಿರು ಕೋಟೊಂದನ್ನು ತೊಡುತ್ತಿದ್ದರು. ಕತ್ತರಿ, ಟೇಪು, ಸೀಮೆಸುಣ್ಣ, ಕನ್ನಡಕ, ಬೀಗದ ಕೈ, ಎಲ್ಲ ಅದರ ಜೇಬುಗಳಲ್ಲೇ. ಕೋಟಿನ ಎಡ ಅಂಚು ಯಾವಾಗಲೂ ಕೆಳಗಿಳಿಯುತ್ತಿತ್ತು. ಎರಡು ಸಲ ಬಿಚ್ಚಿ ಹೊಲಿದರೂ ಸರಿಹೋಗಲಿಲ್ಲ. ಕೊನೆಗೆ ಮಗಳು ಗುಂಡಿಗಳನ್ನು ತೂಗುವ ಮುಳ್ಳಿನ ತಕ್ಕಡಿ ತಂದಿಟ್ಟು, ಒಂದೊಂದೇ ಜೇಬು ಬರಿದು ಮಾಡಿ ತೂಗಿದಳು. ತಮ್ಮ ಕತ್ತರಿಸುವ ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಬರೆದುಕೊಂಡ. ಬಲಕ್ಕೆ ಒಂಬೈನೂರ ಐದು ಗ್ರಾಂ, ಎಡಕ್ಕೆ ಆರುನೂರ ಇಪ್ಪತ್ತು. ಲೆಕ್ಕದ ಪ್ರಕಾರ ಬಲಗಡೆ ಜಗ್ಗಬೇಕಿತ್ತು. ಅವಳು ಮತ್ತೊಮ್ಮೆ ತೂಗಿದಳು, ಅಷ್ಟೇ ಬಂತು.

ಮರುದಿನ ಅಮ್ಮ ಹೊರಟಾಗ ಅವಳು ಹಿಂದಿನಿಂದ ನಡೆದು ನೋಡಿದಳು. ಅಮ್ಮನ ಎಡಗಡೆ ತಮ್ಮ ನಡೆಯುತ್ತಿದ್ದ. ಅವನ ಬಲಗೈ ಕೋಟಿನ ಎಡ ಜೇಬಿನೊಳಗಿತ್ತು, ಮನೆಯ ಬಾಗಿಲಿನಿಂದ ರಸ್ತೆಯ ಕೊನೆಯವರೆಗೆ.

ಸಂಜೆ ಅವಳು ಅವನನ್ನು ತಕ್ಕಡಿಯ ಮುಂದೆ ನಿಲ್ಲಿಸಿದಳು. "ಕೈ ಇಡು. ಒತ್ತಬೇಡ, ಜೇಬಲ್ಲಿ ಬಿಡ್ತೀಯಲ್ಲ ಹಾಗೆ ಸುಮ್ನೆ ಬಿಟ್ಬಿಡು." ಅವನಿಗೆ ಕಚಗುಳಿಯಾಗಿ ನಗು ಬಂತು, ಮುಳ್ಳು ಓಲಾಡಿತು. ಅವನು ನಕ್ಕು ಮುಗಿಸುವವರೆಗೆ ಅವಳು ಕಾದಳು. ಮುಳ್ಳು ನಿಂತಿತು. ಅವನ ಇನ್ನೊಂದು ಕೈಗೆ ಸೀಮೆಸುಣ್ಣ ಕೊಟ್ಟು, ಒಳಕೋಣೆಯಲ್ಲಿದ್ದ ಅಮ್ಮನಿಗೂ ಕೇಳಲೆಂದು ಗಟ್ಟಿಯಾಗಿ ಓದಿದಳು: "ಬರ್ಕೋ, ಮುನ್ನೂರ ಹತ್ತು ಗ್ರಾಂ."